ಮನೆಯಲ್ಲಿ ಬಳಸುವ ಹೈಪರ್‌ಬೇರಿಕ್ ಚೇಂಬರ್‌ಗೆ ಎಷ್ಟು ಒತ್ತಡ ಸರಿ: 1.3, 1.5 ಅಥವಾ 2.0 ಎಟಿಎ?

ನಿಮಗೆ ಹೇಳಿಕೊಳ್ಳುವಂಥ ಕಾಯಿಲೆ ಇಲ್ಲ. ವ್ಯಾಯಾಮದ ದಣಿವು ಬೇಗ ಆರಬೇಕು, ನಿದ್ದೆ ಚೆನ್ನಾಗಿ ಬರಬೇಕು ಎಂಬಷ್ಟೇ ಉದ್ದೇಶದಿಂದ ಮನೆಯಲ್ಲಿ ಒಂದು ಹೈಪರ್‌ಬೇರಿಕ್ ಚೇಂಬರ್, ಅಂದರೆ ಒಳಗಿನ ಗಾಳಿಯ ಒತ್ತಡವನ್ನು ಏರಿಸಿ ಮನುಷ್ಯರು ಕೂರುವ ಮುಚ್ಚಿದ ಕೋಶ, ಇಟ್ಟುಕೊಳ್ಳಲು ಹೊರಟಿದ್ದೀರಿ. ಮಾರುವವರು 1.3, 1.5 ಮತ್ತು 2.0 ಎಟಿಎ ಎಂಬ ಮೂರು ಮಾದರಿಗಳನ್ನು ಮುಂದಿಟ್ಟು, ಒತ್ತಡ ಹೆಚ್ಚಿದಷ್ಟೂ ಫಲ ಹೆಚ್ಚು ಎಂದಿದ್ದಾರೆ. ಆಸ್ಪತ್ರೆಯೊಂದರ ಹೈಪರ್‌ಬೇರಿಕ್ ವಿಭಾಗದಲ್ಲಿ ಚೇಂಬರ್ ನಡೆಸುವ ತಂತ್ರಜ್ಞನಾಗಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕೊಳ್ಳಲೇಬೇಕೆಂದು ನಿರ್ಧರಿಸಿದ್ದರೆ 1.3 ಎಟಿಎ ಸಾಕು, ಅದೂ ಬರಿಯ ಗಾಳಿಯಲ್ಲಿ. 1.5ರ ಯಂತ್ರವನ್ನು ವೈದ್ಯರೊಬ್ಬರು ನಿಮ್ಮ ಕಿವಿ ಮತ್ತು ಶ್ವಾಸಕೋಶಗಳನ್ನು ನೋಡಿ ಒಪ್ಪಿದ ಮೇಲಷ್ಟೇ ಯೋಚಿಸಬಹುದು. 2.0ರ ಯಂತ್ರಕ್ಕೆ ಮನೆಯಲ್ಲಿ ಜಾಗವಿಲ್ಲ ಎಂಬುದು ನನ್ನ ಖಚಿತ ನಿಲುವು.

ಎಟಿಎ ಎಂದರೆ ವಾತಾವರಣದ ಒತ್ತಡವೂ ಸೇರಿದ ಒಟ್ಟು ಒತ್ತಡ. ಸಮುದ್ರಮಟ್ಟದಲ್ಲಿ ನಾವೆಲ್ಲರೂ 1 ಎಟಿಎಯಲ್ಲಿಯೇ ಇರುತ್ತೇವೆ, ಅದು 14.7 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಚೇಂಬರಿನ ಗೇಜ್ ತೋರಿಸುವುದು ಅದರ ಮೇಲೆ ಸೇರಿಸಿದ ಒತ್ತಡವನ್ನು ಮಾತ್ರ, ಆದ್ದರಿಂದ 1.3 ಎಂದರೆ ಗೇಜ್‌ನಲ್ಲಿ ಸುಮಾರು 4.4 ಪಿಎಸ್‌ಐ, 1.5 ಎಂದರೆ 7.35, 2.0 ಎಂದರೆ 14.7. ಸಮುದ್ರದಲ್ಲಿ ಕ್ರಮವಾಗಿ ಮೂರು, ಐದು ಮತ್ತು ಹತ್ತು ಮೀಟರ್ ಆಳಕ್ಕೆ ಮುಳುಗಿದರೆ ಮೈಮೇಲೆ ಬೀಳುವ ಒತ್ತಡ ಇಷ್ಟೇ. ಇಲ್ಲಿ ಮಾರಾಟದ ಹಾಳೆಗಳು ಹೇಳದ ಒಂದು ಸಂಗತಿಯಿದೆ. ಚೇಂಬರಿನ ಸುರಕ್ಷತಾ ಕವಾಟ ತೆರೆದುಕೊಳ್ಳುವುದು ಗೇಜ್ ಒತ್ತಡದ ಲೆಕ್ಕದಲ್ಲಿ. ಸಮುದ್ರಮಟ್ಟದಿಂದ 1,500 ಮೀಟರ್ ಎತ್ತರದ ಊರಿನಲ್ಲಿ ವಾತಾವರಣದ ಒತ್ತಡವೇ ಸುಮಾರು 0.83 ಎಟಿಎ ಆಗಿರುವುದರಿಂದ, 1.3 ಎಂದು ಮುದ್ರಿಸಿದ ಚೇಂಬರ್ ಅಲ್ಲಿ ಕೊಡುವುದು ಹೆಚ್ಚೆಂದರೆ 1.13. ಎತ್ತರದ ಪ್ರದೇಶದಲ್ಲಿ ಇರುವವರು ಅಂಕಿಗಳನ್ನು ಹೋಲಿಸುವ ಮೊದಲು ಇದನ್ನು ಕಳೆದು ನೋಡಬೇಕು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ದೇಹಕ್ಕೆ ಲೆಕ್ಕಕ್ಕೆ ಬರುವುದು ಉಸಿರಿನಲ್ಲಿರುವ ಆಮ್ಲಜನಕದ ಭಾಗಶಃ ಒತ್ತಡ, ಅಂದರೆ ಒಟ್ಟು ಒತ್ತಡವನ್ನು ಆಮ್ಲಜನಕದ ಪ್ರಮಾಣದಿಂದ ಗುಣಿಸಿದಾಗ ಬರುವ ಅಂಕಿ. ಗಾಳಿಯಲ್ಲಿ ಆಮ್ಲಜನಕ ಶೇ. 21ರಷ್ಟಿದೆ. 1.3 ಎಟಿಎಯಲ್ಲಿ ಗಾಳಿ ಉಸಿರಾಡಿದರೆ 0.27 ಎಟಿಎ ಸಿಗುತ್ತದೆ. ಚೇಂಬರ್ ಇಲ್ಲದೆಯೇ ಶೇ. 27 ಆಮ್ಲಜನಕವಿರುವ ಗಾಳಿಯನ್ನು ಕುರ್ಚಿಯಲ್ಲಿ ಕೂತು ಉಸಿರಾಡಿದರೂ ಅಷ್ಟೇ. ಆಸ್ಪತ್ರೆಯ ವಾರ್ಡಿನಲ್ಲಿ ಮೂಗಿಗೆ ಸಿಕ್ಕಿಸುವ ಸಣ್ಣ ನಳಿಕೆಯಿಂದ ನಿಮಿಷಕ್ಕೆ ಎರಡು ಲೀಟರ್ ಆಮ್ಲಜನಕ ಬಿಟ್ಟರೆ ರೋಗಿಗೆ ಹೆಚ್ಚುಕಡಿಮೆ ಇಷ್ಟು ಸಿಗುತ್ತದೆ. 1.5ರಲ್ಲಿ ಗಾಳಿಯಿಂದ 0.32, 2.0ರಲ್ಲಿ 0.42. ಸಾಧಾರಣ ಒತ್ತಡದಲ್ಲಿಯೇ ಶುದ್ಧ ಆಮ್ಲಜನಕ ಉಸಿರಾಡಿದರೆ ಈ ಅಂಕಿ 1.0 ಆಗುತ್ತದೆ, ಬರಿಯ ಗಾಳಿಯಿಂದ ಅಷ್ಟನ್ನು ಪಡೆಯಲು 4.8 ಎಟಿಎವರೆಗೆ ಒತ್ತಡ ಏರಿಸಬೇಕು. ಹೀಗಾಗಿ ಗಾಳಿಯ ಚೇಂಬರಿನಲ್ಲಿ 1.3ರಿಂದ 2.0ಕ್ಕೆ ಹೋದರೆ ನೀವು ಕೊಳ್ಳುವುದು ಬಹುಪಾಲು ಒತ್ತಡವನ್ನೇ, ಆಮ್ಲಜನಕವನ್ನು ಅಷ್ಟಾಗಿ ಅಲ್ಲ.

ರಕ್ತದ ಕಡೆಯಿಂದ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಆರೋಗ್ಯವಂತರ ಹಿಮೋಗ್ಲೋಬಿನ್ ಸಮುದ್ರಮಟ್ಟದ ಗಾಳಿಯಲ್ಲಿಯೇ ಶೇ. 97ರಷ್ಟು ತುಂಬಿಕೊಂಡಿರುತ್ತದೆ, ಅಲ್ಲಿ ಸೇರಿಸುವುದಕ್ಕೆ ಹೆಚ್ಚಿನ ಅವಕಾಶವಿಲ್ಲ. ಹೈಪರ್‌ಬೇರಿಕ್ ಚಿಕಿತ್ಸೆ ನೆಚ್ಚಿಕೊಂಡಿರುವುದು ರಕ್ತದ ದ್ರವಭಾಗದಲ್ಲಿ ನೇರವಾಗಿ ಕರಗುವ ಆಮ್ಲಜನಕವನ್ನು. ಸಾಮಾನ್ಯ ಸ್ಥಿತಿಯಲ್ಲಿ 100 ಮಿಲಿಲೀಟರ್ ರಕ್ತದಲ್ಲಿ ಹೀಗೆ ಕರಗಿರುವುದು ಸುಮಾರು 0.3 ಮಿಲಿಲೀಟರ್, 1.3 ಎಟಿಎ ಗಾಳಿಯಲ್ಲಿ ಅದು 0.4ರ ಆಸುಪಾಸಿಗೆ ಬರುತ್ತದೆ. 3 ಎಟಿಎಯಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ 6ರ ಹತ್ತಿರ ಹೋಗುತ್ತದೆ. 1960ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇಟೆ ಬೂರೆಮಾ ಎಂಬ ಶಸ್ತ್ರಚಿಕಿತ್ಸಕರು ರಕ್ತಕಣಗಳನ್ನು ಬಹುಪಾಲು ತೆಗೆದ ಹಂದಿಗಳನ್ನು 3 ಎಟಿಎ ಆಮ್ಲಜನಕದಲ್ಲಿ ಬದುಕಿಸಿ ತೋರಿಸಿದ್ದು ಈ ಕರಗಿದ ಆಮ್ಲಜನಕದ ಬಲದಿಂದಲೇ. ಚಿಕಿತ್ಸೆಯ ಒತ್ತಡ ಸಾಮಾನ್ಯವಾಗಿ 2.0ರಿಂದ 3.0ರ ನಡುವೆ ಇರುವುದಕ್ಕೆ, ಮತ್ತು ಅಲ್ಲಿ ಗಾಳಿಯ ಬದಲು ಶುದ್ಧ ಆಮ್ಲಜನಕವನ್ನೇ ಕೊಡುವುದಕ್ಕೆ ಕಾರಣ ಇದೇ. ಮನೆಯ 1.3 ಆ ಚಿಕಿತ್ಸೆಯ ಸೌಮ್ಯ ರೂಪ ಎಂಬ ಮಾತು ಕೇಳಲು ಹಿತವಾಗಿದೆ. ಅಂಕಿಗಳು ಮಾತ್ರ ಅದನ್ನು ಒಪ್ಪುವುದಿಲ್ಲ. 1.3ರ ಇಂಥ ಮೆದು ಚೀಲದ ಚೇಂಬರ್‌ಗಳು ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಯಿಂದ ಅನುಮತಿ ಪಡೆದದ್ದು ಎತ್ತರದ ಪರ್ವತಗಳಲ್ಲಿ ಕಾಡುವ ತೀವ್ರ ಪರ್ವತವ್ಯಾಧಿಗಾಗಿ. ಗಾಳಿ ತೆಳುವಾಗಿರುವ ಆ ಎತ್ತರದಲ್ಲಿ ಅಲ್ಪಸ್ವಲ್ಪ ಒತ್ತಡವೂ ಜೀವ ಉಳಿಸುತ್ತದೆ.

ಮಾರಾಟಗಾರರು ತೋರಿಸುವ ಅಧ್ಯಯನಗಳಲ್ಲಿ ಒತ್ತಡ ಎಷ್ಟು, ಉಸಿರಾಡಿದ್ದು ಏನು ಎಂಬ ಎರಡನ್ನೇ ಮೊದಲು ಹುಡುಕಿ. 2020ರಲ್ಲಿ ಇಸ್ರೇಲಿನಿಂದ ಪ್ರಕಟವಾಗಿ, ಮುಪ್ಪನ್ನೇ ಹಿಂದಕ್ಕೆ ತಿರುಗಿಸಿತು ಎಂದು ಸುದ್ದಿಯಾದ ಟೆಲೊಮಿಯರ್ (ವರ್ಣತಂತುಗಳ ತುದಿಭಾಗ) ಅಧ್ಯಯನದಲ್ಲಿ ಬಳಸಿದ್ದು 2.0 ಎಟಿಎಯಲ್ಲಿ ಮಾಸ್ಕ್ ಮೂಲಕ ಶುದ್ಧ ಆಮ್ಲಜನಕ, 90 ನಿಮಿಷಗಳ 60 ಸರದಿ. ಅದರಲ್ಲಿ ಹೋಲಿಕೆಗೆ ಚಿಕಿತ್ಸೆ ಪಡೆಯದ ಗುಂಪು ಇರಲಿಲ್ಲ. ಅದನ್ನು 1.3 ಗಾಳಿಯ ಚೀಲ ಮಾರಲು ಬಳಸುವುದು ನ್ಯಾಯವಲ್ಲ. ಇನ್ನೊಂದು ತುದಿಯಲ್ಲಿ, 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಕೆನಡಾದ ಪ್ರಯೋಗವಿದೆ. ಮೆದುಳಿನ ಹಾನಿಯಿಂದ ಚಲನೆಗೆ ತೊಂದರೆಯಾಗುವ ಸೆರೆಬ್ರಲ್ ಪಾಲ್ಸಿ ಇದ್ದ 111 ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ 1.75 ಎಟಿಎಯಲ್ಲಿ ಆಮ್ಲಜನಕ, ಉಳಿದವರಿಗೆ 1.3ರಲ್ಲಿ ಬರಿಯ ಗಾಳಿ. ಎರಡೂ ಗುಂಪುಗಳು ಸುಧಾರಿಸಿದವು, ಅವುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. 1.3ಕ್ಕೂ ಗುಣವಿದೆ ಎಂದು ಕೆಲವರು ಇದನ್ನು ಓದುತ್ತಾರೆ. ಮಕ್ಕಳ ಜೊತೆ ಕಳೆದ ಸಮಯ, ಆರೈಕೆ ಮತ್ತು ನಿರೀಕ್ಷೆಗಳೇ ಕೆಲಸ ಮಾಡಿದವು ಎಂದು ಹೆಚ್ಚಿನವರು ಓದುತ್ತಾರೆ, ನಾನೂ ಹಾಗೆಯೇ ಓದುತ್ತೇನೆ. ಎರಡರಲ್ಲಿ ಯಾವ ಓದು ಸರಿಯಾದರೂ, ಒತ್ತಡ ಏರಿಸಿದಷ್ಟೂ ಫಲ ಎಂಬ ವಾದಕ್ಕೆ ಅಲ್ಲಿ ಬೆಂಬಲ ಸಿಗುವುದಿಲ್ಲ.

ಒತ್ತಡ ಏರಿದಂತೆ ಖಂಡಿತವಾಗಿ ಏರುವುದು ತೊಂದರೆಗಳು, ಅವುಗಳಲ್ಲಿ ಮೊದಲನೆಯದು ಕಿವಿ. ಚೇಂಬರ್ ತುಂಬತೊಡಗಿದ ಮೊದಲ ನಿಮಿಷದಲ್ಲಿಯೇ ಒಳಗಿರುವವರ ಮುಖ ನೋಡಿದರೆ ಗೊತ್ತಾಗುತ್ತದೆ: ಹುಬ್ಬು ಗಂಟಿಕ್ಕುತ್ತದೆ, ದವಡೆ ಅತ್ತಿತ್ತ ಆಡುತ್ತದೆ, ಕೈ ತಾನಾಗಿ ಕಿವಿಯ ಕಡೆ ಹೋಗುತ್ತದೆ. ಕಿವಿತಮಟೆಯ ಹಿಂದಿನ ಗಾಳಿ 1.3ರಲ್ಲಿ ಮೊದಲಿನ ಗಾತ್ರದ ಶೇ. 77ಕ್ಕೆ, 1.5ರಲ್ಲಿ ಶೇ. 67ಕ್ಕೆ, 2.0ರಲ್ಲಿ ಅರ್ಧಕ್ಕೆ ಕುಗ್ಗುತ್ತದೆ. ಗಂಟಲಿನಿಂದ ಕಿವಿಗೆ ಹೋಗುವ ಯುಸ್ಟೇಶಿಯನ್ ನಳಿಕೆ ತೆರೆದು ಅಷ್ಟು ಗಾಳಿಯನ್ನು ಒಳಕ್ಕೆ ಬಿಡದಿದ್ದರೆ ತಮಟೆ ಒಳಕ್ಕೆ ಎಳೆದುಕೊಳ್ಳುತ್ತದೆ, ನೋಯುತ್ತದೆ, ಕೆಲವೊಮ್ಮೆ ರಕ್ತ ಜಿನುಗುತ್ತದೆ. ನೋವು ಹೆಚ್ಚುವವರೆಗೂ ಕಾದರೆ ನಳಿಕೆಯ ಬಾಯಿ ಒತ್ತಡಕ್ಕೇ ಮುಚ್ಚಿಕೊಂಡು, ಆಮೇಲೆ ಎಷ್ಟು ಮೂಗು ಹಿಡಿದು ಊದಿದರೂ ತೆರೆಯುವುದಿಲ್ಲ. ಆಗ ಒತ್ತಡವನ್ನು ಸ್ವಲ್ಪ ಇಳಿಸುವುದೊಂದೇ ದಾರಿ. ಆದ್ದರಿಂದ ಉಗುಳು ನುಂಗುವುದು, ಆಕಳಿಸುವುದು, ಮೂಗು ಮುಚ್ಚಿ ಮೆಲ್ಲಗೆ ಊದುವುದು, ಇವನ್ನು ನೋವು ಬರುವ ಮುನ್ನವೇ ಶುರುಮಾಡಬೇಕು. ಯಂತ್ರ ಕೊಳ್ಳುವಾಗ ಒತ್ತಡ ಏರುವ ವೇಗವನ್ನು ಒಳಗಿನಿಂದಲೇ ತಗ್ಗಿಸಲು, ನಿಲ್ಲಿಸಲು ಬರುತ್ತದೆಯೇ ಎಂದು ಕೇಳಿ. ಬರುವುದಿಲ್ಲವೆಂದರೆ ಅದು 1.3ರದ್ದಾದರೂ ಬೇಡ. ನೆಗಡಿ ಇರುವ ದಿನ ಒಳಗೆ ಹೋಗಲೇಬಾರದು.

ಆಮ್ಲಜನಕ ಸೇರಿಸಿದರೆ ಕಡಿಮೆ ಒತ್ತಡದ ಕೊರತೆ ನೀಗುವುದಿಲ್ಲವೇ ಎಂದು ಮುಂದಿನ ಪ್ರಶ್ನೆ ಬರುವುದು ಸಹಜ; 1.3ರ ಚೇಂಬರ್ ಜೊತೆಗೆ ಗಾಳಿಯಿಂದ ಆಮ್ಲಜನಕವನ್ನು ಬೇರ್ಪಡಿಸಿ ಕೊಡುವ ಆಕ್ಸಿಜನ್ ಕಾನ್ಸಂಟ್ರೇಟರನ್ನೂ ಜೋಡಿಸಿ ಮಾರುವುದು ಈಗ ವಾಡಿಕೆಯೇ ಆಗಿದೆ. ನಾನು ಹೆಚ್ಚು ಹೆದರುವುದು ಈ ಜೋಡಣೆಗೆ. ಒಂದು ಲೆಕ್ಕ ಮಾಡಿ ನೋಡಿ. ಕಂಪ್ರೆಸರ್ ನಿಮಿಷಕ್ಕೆ 60 ಲೀಟರ್ ಗಾಳಿ ಒಳಕ್ಕೆ ಕಳಿಸುತ್ತಿದೆ, ಕಾನ್ಸಂಟ್ರೇಟರ್ 10 ಲೀಟರ್ ಅನಿಲವನ್ನು ಶೇ. 93 ಆಮ್ಲಜನಕದೊಂದಿಗೆ ಮಾಸ್ಕಿಗೆ ಕೊಡುತ್ತಿದೆ ಎಂದಿಟ್ಟುಕೊಳ್ಳಿ. ನಿಮ್ಮ ದೇಹ ಬಳಸಿಕೊಳ್ಳುವುದು ನಿಮಿಷಕ್ಕೆ ಕಾಲು ಲೀಟರ್ ಮಾತ್ರ. ಉಳಿದದ್ದೆಲ್ಲ ಮಾಸ್ಕಿನ ಅಂಚಿನಿಂದ, ಹೊರಬಿಡುವ ಉಸಿರಿನಿಂದ ಚೇಂಬರಿನೊಳಕ್ಕೇ ಸೇರುತ್ತದೆ. ಒಂದು ಗಂಟೆಯೊಳಗೆ ಒಳಗಿನ ಆಮ್ಲಜನಕ ಶೇ. 30ರ ಸುತ್ತಮುತ್ತ ಬಂದು ನಿಲ್ಲುತ್ತದೆ. ಅನೇಕ ಜನ ಕೂರುವ ಆಸ್ಪತ್ರೆಯ ಗಾಳಿ-ಚೇಂಬರ್‌ಗಳಲ್ಲಿ ಅಗ್ನಿಸುರಕ್ಷತೆಗಾಗಿ ಪಾಲಿಸುವ ಮೇಲ್ಮಿತಿ ಶೇ. 23.5, ಅದನ್ನು ದಾಟದಂತೆ ನೋಡಿಕೊಳ್ಳಲು ನಾವು ಹೊರಬಿಟ್ಟ ಉಸಿರನ್ನು ಪ್ರತ್ಯೇಕ ಕೊಳವೆಯಲ್ಲಿ ಹೊರಕ್ಕೆ ಸಾಗಿಸುತ್ತೇವೆ, ಆಮ್ಲಜನಕ ಮಾಪಕವನ್ನು ಸದಾ ಕಣ್ಣೆದುರು ಇಟ್ಟುಕೊಂಡಿರುತ್ತೇವೆ. ಮನೆಯ ಚೀಲದಲ್ಲಿ ಇವೆರಡೂ ಇರುವುದು ಅಪರೂಪ, ಆದರೆ ಒಳಗೆ ಫೋನು, ಸಿಂಥೆಟಿಕ್ ಬಟ್ಟೆ, ಹೊದಿಕೆ ಎಲ್ಲವೂ ಇರುತ್ತವೆ. ಆಮ್ಲಜನಕ ಹೆಚ್ಚಿದ ಜಾಗದಲ್ಲಿ ಬಟ್ಟೆಯ ಉಜ್ಜುವಿಕೆಯಿಂದ ಹುಟ್ಟುವ ಕಿಡಿಯೂ ಸಾಕಾಗಬಹುದು. 1967ರ ಜನವರಿ 27ರಂದು ಅಪೊಲೊ 1ರ ಮೂವರು ಗಗನಯಾತ್ರಿಗಳು ನೆಲದ ಮೇಲೆಯೇ ಬೆಂಕಿಗೆ ಬಲಿಯಾದದ್ದು 16.7 ಪಿಎಸ್‌ಐಯ, ಎಂದರೆ ಸುಮಾರು 1.14 ಎಟಿಎಯ ಶುದ್ಧ ಆಮ್ಲಜನಕದಲ್ಲಿ. 2025ರ ಜನವರಿಯಲ್ಲಿ ಅಮೆರಿಕದ ಮಿಶಿಗನ್ ರಾಜ್ಯದ ಟ್ರಾಯ್ ಎಂಬಲ್ಲಿ ಐದು ವರ್ಷದ ಬಾಲಕನೊಬ್ಬ ಚೇಂಬರಿನೊಳಗೆ ಬೆಂಕಿಗೆ ಬಲಿಯಾದ; ಅದು ಮನೆಯಾಗಿರಲಿಲ್ಲ, ಚಿಕಿತ್ಸಾಕೇಂದ್ರವಾಗಿತ್ತು.

2.0ರ ಗಟ್ಟಿ ಚೇಂಬರಿಗೆ ಬೇಡವೆನ್ನಲು ಇನ್ನೊಂದು ಕಾರಣ ಯಂತ್ರದ ಮೈಯಲ್ಲೇ ಇದೆ. ಬಾಗಿಲಿನ ವಿಸ್ತೀರ್ಣ ಅರ್ಧ ಚದರ ಮೀಟರ್ ಇದ್ದರೆ 1.3ರಲ್ಲಿ ಅದನ್ನು ಹೊರಕ್ಕೆ ತಳ್ಳುವ ಬಲ ಸುಮಾರು ಒಂದೂವರೆ ಟನ್ ತೂಕಕ್ಕೆ ಸಮ, 2.0ರಲ್ಲಿ ಐದು ಟನ್ನಿಗೂ ಮಿಗಿಲು. ಇಂಥ ಬಾಗಿಲಿನ ಕೊಂಡಿ, ರಬ್ಬರ್ ಸೀಲು, ಅಕ್ರಿಲಿಕ್ ಕಿಟಕಿಗಳಿಗೆ ಆಯುಷ್ಯವಿರುತ್ತದೆ, ಅವುಗಳ ತಪಾಸಣೆಗೆ ಕ್ರಮಬದ್ಧ ದಾಖಲೆ ಬೇಕಾಗುತ್ತದೆ. ಮನುಷ್ಯರು ಕೂರುವ ಒತ್ತಡಪಾತ್ರೆಗಳಿಗೆಂದೇ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಎಎಸ್‌ಎಂಇ ಪಿವಿಎಚ್‌ಒ-1 ಎಂಬ ಮಾನದಂಡವಿದೆ. ನೀವು ನೋಡಿದ ಯಂತ್ರಕ್ಕೆ ಆ ಪ್ರಮಾಣಪತ್ರವಿದೆಯೇ ಎಂದು ಬರಹದಲ್ಲಿ ಕೇಳಿದರೆ ಉತ್ತರ ಬರುವ ಬಗೆಯಿಂದಲೇ ಬಹಳಷ್ಟು ತಿಳಿಯುತ್ತದೆ.

ಉಸಿರಿನ ಇಂಗಾಲದ ಡೈಆಕ್ಸೈಡ್ ವಿಚಾರವೂ ಇದೆ. ಸುಮ್ಮನೆ ಮಲಗಿದವರು ನಿಮಿಷಕ್ಕೆ ಕಾಲು ಲೀಟರಿನಷ್ಟನ್ನು ಹೊರಬಿಡುತ್ತಾರೆ. ನಿಮಿಷಕ್ಕೆ 60 ಲೀಟರ್ ಗಾಳಿ ಹರಿಯುತ್ತಿದ್ದರೆ ಅದು ಶೇ. 0.4ರಲ್ಲಿ ನಿಲ್ಲುತ್ತದೆ. ಆದರೆ ಅದೇ ಹರಿವಿನಲ್ಲಿ ಒತ್ತಡವನ್ನು 2.0ಕ್ಕೆ ಏರಿಸಿದರೆ ದೇಹದ ಮೇಲಿನ ಪರಿಣಾಮ ಶೇ. 0.8ಕ್ಕೆ ಸಮನಾಗುತ್ತದೆ. ಕರೆಂಟು ಹೋಗಿ ಕಂಪ್ರೆಸರ್ ನಿಂತರೆ ಸಾವಿರ ಲೀಟರಿನ ಚೇಂಬರಿನಲ್ಲಿ ಸುಮಾರು 40 ನಿಮಿಷಕ್ಕೆ ಶೇ. 1ರಷ್ಟು ಏರಿಕೆಯಾಗುತ್ತದೆ. ತಲೆ ಭಾರವಾಗುವ ಮೊದಲೇ ಹೊರಬರಲು ಸಮಯವಿದೆ, ಒಳಗಿನಿಂದ ಗಾಳಿ ಬಿಡುವ ಕವಾಟ ಕೈಗೆಟುಕಿದರೆ.

ಶ್ವಾಸಕೋಶದ ಹೊರಗೆ ಗಾಳಿ ಸೇರಿಕೊಂಡಿರುವ ನ್ಯುಮೊಥೊರಾಕ್ಸ್ ಇರುವವರು ಯಾವ ಒತ್ತಡಕ್ಕೂ ಹೋಗಬಾರದು. ಆಸ್ತಮಾ, ಶ್ವಾಸಕೋಶದಲ್ಲಿ ಗಾಳಿಗುಳ್ಳೆಗಳಿರುವ ಎಂಫಿಸೀಮಾ, ಮೂರ್ಛೆರೋಗ, ಇತ್ತೀಚಿನ ಕಿವಿ ಶಸ್ತ್ರಚಿಕಿತ್ಸೆ, ಹೃದಯದ ಪೇಸ್‌ಮೇಕರ್, ಗರ್ಭಾವಸ್ಥೆ, ಬ್ಲಿಯೊಮೈಸಿನ್‌ನಂಥ ಕ್ಯಾನ್ಸರ್ ಔಷಧ ಪಡೆದ ಇತಿಹಾಸ, ಇವುಗಳಲ್ಲಿ ಯಾವುದಿದ್ದರೂ 1.3 ಎಂದು ಸಡಿಲ ಬಿಡದೆ ಮೊದಲು ವೈದ್ಯರನ್ನು ಕಾಣಬೇಕು. ಇನ್ನು, ವಾಸಿಯಾಗದ ಮಧುಮೇಹದ ಗಾಯವೋ ವಿಕಿರಣ ಚಿಕಿತ್ಸೆಯ ನಂತರದ ಹಾನಿಯೋ ನಿಮ್ಮ ಪ್ರಶ್ನೆಯ ಹಿಂದಿದ್ದರೆ, ಮನೆಯ ಚೇಂಬರಿಗೆ ಹಣ ಹಾಕದೆ ಆಸ್ಪತ್ರೆಯ ಹೈಪರ್‌ಬೇರಿಕ್ ವಿಭಾಗಕ್ಕೆ ಹೋಗಿ, ಅಲ್ಲಿ 2.0ಕ್ಕೂ 2.4ಕ್ಕೂ ಅರ್ಥವಿದೆ, ಏಕೆಂದರೆ ಆಮ್ಲಜನಕವೂ ಕಾವಲೂ ಅಲ್ಲಿ ಜೊತೆಗಿರುತ್ತವೆ.

ಇಷ್ಟಾದ ಮೇಲೂ ಕೊಳ್ಳುವುದೇ ಆದರೆ, ಎಣ್ಣೆರಹಿತ ಕಂಪ್ರೆಸರ್, ಒಳಗಿನಿಂದಲೂ ಹೊರಗಿನಿಂದಲೂ ತೆರೆದು ಗಾಳಿ ಬಿಡಬಹುದಾದ ಕವಾಟ, ಒಂದಲ್ಲ ಎರಡು ಸುರಕ್ಷತಾ ಕವಾಟ, ಒಳಗಿನಿಂದಲೂ ತೆರೆಯುವ ಜಿಪ್ಪು ಇರುವ 1.3ರ ಚೇಂಬರನ್ನು ನೋಡಿ. ಮೊದಲ ಕೆಲವು ಸರದಿಗಳಲ್ಲಿ ಅರ್ಧ ಒತ್ತಡದಲ್ಲಿಯೇ ನಿಲ್ಲಿಸಿ ಕಿವಿ ಹೊಂದಿಕೊಳ್ಳುತ್ತದೆಯೇ ಎಂದು ಗಮನಿಸಿ, ಹತ್ತಿ ಬಟ್ಟೆ ತೊಡಿ, ಫೋನನ್ನು ಹೊರಗಿಡಿ. ಒಳಗೆ ನಿದ್ದೆ ಹೋಗುವ ಅಭ್ಯಾಸ ಮಾಡಿಕೊಳ್ಳಬೇಡಿ, ಒತ್ತಡ ಇಳಿಸುವಾಗ ಉಸಿರು ಬಿಗಿಹಿಡಿಯಬೇಡಿ, ಮತ್ತು ಕವಾಟ ತೆರೆಯುವುದು ಹೇಗೆಂದು ಬಲ್ಲ ಒಬ್ಬರು ಆ ಕೋಣೆಯಲ್ಲಿಯೇ ಇರುವ ಹೊತ್ತಿನಲ್ಲಿ ಮಾತ್ರ ಒಳಗೆ ಹೋಗಿ.