ಬಿದ್ದದ್ದು ಇಲ್ಲಿ, ಬರೆದದ್ದು ಅಲ್ಲಿ

"ನಿಮ್ಮ ಜಿಲ್ಲೆಗೆ ಒಂದು ನೆಟ್ಟಗಿನ ಆಸ್ಪತ್ರೆ ಇಲ್ಲವೇ? ಬೈಕಿನಿಂದ ಬಿದ್ದವನನ್ನು ರಾಜ್ಯವನ್ನೇ ದಾಟಿಸಿ ಒಯ್ಯುತ್ತೀರಲ್ಲ!" ಎಂದು ನೀನು ಕೇಳಿದಾಗ ನಕ್ಕುಬಿಟ್ಟೆ, ಬೇಸರಿಸಬೇಡ. ಕೇರಳದ ಕಾಸರಗೋಡು ಜಿಲ್ಲೆಗೆ ಸೇರಿದ ನಮ್ಮ ಮಂಜೇಶ್ವರದವರಿಗೆ ಕಾಸರಗೋಡು ಪೇಟೆಗಿಂತ ಕರ್ನಾಟಕದ ಮಂಗಳೂರೇ ಹತ್ತಿರ. ತಲೆಗೆ ಪೆಟ್ಟಾದರೆ ಯಾರೂ ಯಾರನ್ನೂ ಕೇಳುವುದಿಲ್ಲ, ಜೀಪು ತಾನಾಗಿ ಗಡಿಯ ತಲಪಾಡಿಯ ಕಡೆಗೆ ತಿರುಗುತ್ತದೆ. 1956ರಲ್ಲಿ ರಾಜ್ಯಗಳ ನಡುವೆ ಗೆರೆ ಎಳೆದು ನಮ್ಮನ್ನು ಕೇರಳಕ್ಕೆ ಸೇರಿಸಿದವರೂ ಕೇಳಿರಲಿಲ್ಲ.

ತೊಡಕು ಶುರುವಾಗುವುದು ಆಸ್ಪತ್ರೆ ಸೇರಿದ ಮೇಲೆ. ಹೋದ ವರ್ಷ ನನ್ನ ಚಿಕ್ಕಪ್ಪನ ಮಗ ನಮ್ಮೂರಿನ ತಿರುವಿನಲ್ಲಿ ಬಿದ್ದ. (ಹೆಲ್ಮೆಟ್ ಪೆಟ್ರೋಲ್ ಟ್ಯಾಂಕಿನ ಮೇಲಿತ್ತು, ಅದನ್ನು ಮುಚ್ಚಿಡುವುದಿಲ್ಲ.) ಆಸ್ಪತ್ರೆಯವರು ಅಲ್ಲಿನ ಠಾಣೆಗೆ ತಿಳಿಸಿದರು. ಠಾಣೆಯವರು "ಇದು ನಮ್ಮ ಸರಹದ್ದಲ್ಲ" ಎಂದು ಕೇರಳದ ಠಾಣೆಗೆ ಬರೆದರು. ಆ ಕಾಗದ ಬರುವವರೆಗೆ ಇಲ್ಲಿಯವರ ಪಾಲಿಗೆ ಅಪಘಾತವೇ ಆಗಿಲ್ಲ. ಗಾಯದ ದೃಢಪತ್ರ ಅಲ್ಲಿ, ಮಲಯಾಳದ ಮಹಜರು ಇಲ್ಲಿ, ನಡುವೆ ಕಡತ ಹಿಡಿದು ಬಸ್ಸಿನಲ್ಲಿ ನಾನು. ಅವನು ಬದುಕಿದ, ಸ್ವಲ್ಪ ಕುಂಟುತ್ತಾನೆ.

ಬದುಕದವರ ಕತೆ ಇನ್ನೂ ವಿಚಿತ್ರ. ಸಾವನ್ನು ನೋಂದಾಯಿಸಬೇಕಾದದ್ದು ಸತ್ತ ಊರಿನಲ್ಲಿ. ಅದು 1969ರ ಜನನ ಮರಣ ನೋಂದಣಿ ಕಾಯ್ದೆ; ನಮ್ಮವರು ಸಾಯುವುದು ಮಂಗಳೂರಿನ ಆಸ್ಪತ್ರೆಯಲ್ಲಿ. ಹೀಗಾಗಿ ನಮ್ಮ ಪಂಚಾಯತಿನ ಪುಸ್ತಕದ ಪ್ರಕಾರ ಆ ತಿರುವು ಇದುವರೆಗೆ ಯಾರನ್ನೂ ಕೊಂದಿಲ್ಲ. ತಾನಾಗಿ ಜಾರಿ ಬಿದ್ದು ಬದುಕಿಕೊಂಡವರ ಮನೆಯವರು ಕೇಸೇ ಬೇಡವೆಂದರೆ ಅದು ಬಹುಮಟ್ಟಿಗೆ ಪೊಲೀಸರ ಲೆಕ್ಕಕ್ಕೂ ಇಲ್ಲ. ಒಂದು ದೀಪ ಹಾಕಿ, ಕನ್ನಡದಲ್ಲೂ ಒಂದು ಎಚ್ಚರಿಕೆ ಫಲಕ ನೆಡಿ ಎಂದು ಅರ್ಜಿ ಕೊಟ್ಟರೆ "ಅಂಕಿಅಂಶ ಎಲ್ಲಿ?" ಎನ್ನುತ್ತಾರೆ. 5ರಿಂದ 29ರ ಪ್ರಾಯದವರನ್ನು ಜಗತ್ತಿನಲ್ಲಿ ಅತಿ ಹೆಚ್ಚು ಬಲಿ ತೆಗೆದುಕೊಳ್ಳುವುದು ರಸ್ತೆ ಅಪಘಾತವೆಂದು ವಿಶ್ವ ಆರೋಗ್ಯ ಸಂಸ್ಥೆ ಎಣಿಸಿ ಹೇಳಿದೆ. ಎಣಿಸಿದ್ದರಿಂದ ಹೇಳಲು ಸಾಧ್ಯವಾಯಿತು! ನಮ್ಮವರು ಯಾವ ಕಂಬದ ಬುಡದಲ್ಲಿ, ಎಷ್ಟು ಹೊತ್ತಿಗೆ, ಹೇಗೆ ಬಿದ್ದರೆಂದು ಒಂದೇ ಹಾಳೆಯಲ್ಲಿ ಬರೆದವರು ಯಾರೂ ಇಲ್ಲ.

"ಹಾಗಾದರೆ ಮಂಗಳೂರಿಗೇ ಬಂದುಬಿಡಿ" ಎಂದೆಯಲ್ಲ, ಅದಕ್ಕೆ ಮಾತ್ರ ಸಿಟ್ಟು ಬಂತು. 2020ರ ಮಾರ್ಚಿನಲ್ಲಿ ಕೊರೊನಾ ಕಾಲಕ್ಕೆ ಕರ್ನಾಟಕದವರು ಗಡಿರಸ್ತೆಗಳಿಗೆ ಮಣ್ಣು ಸುರಿದು, ಆಂಬುಲೆನ್ಸುಗಳನ್ನೂ ತಡೆದಾಗ ನಾವು ಕೇರಳದವರಾಗಿದ್ದೆವು. ಇಲ್ಲಿ ಕನ್ನಡದಲ್ಲಿ ಅರ್ಜಿ ಕೊಟ್ಟ ದಿನ ಕರ್ನಾಟಕದವರಾಗುತ್ತೇವೆ. ತೋಟ, ದೈವಸ್ಥಾನ, ಅಜ್ಜಿಯ ಬಾವಿ ಎಲ್ಲ ಇಲ್ಲೇ ಇರುವಾಗ ಬರುವುದೆಲ್ಲಿಗೆ?

ಈಗ ಮನೆಮನೆಗೆ ಹೋಗಿ, ಯಾರು ಎಲ್ಲಿ ಹೇಗೆ ಬಿದ್ದರೆಂದು ನಾವೇ ಬರೆಯುತ್ತಿದ್ದೇವೆ. ಮಲಯಾಳಕ್ಕೆ ತಿರುಗಿಸುವ ಕೆಲಸ ಚಿಕ್ಕಪ್ಪನ ಮಗನದು. ಒಂದು ಹಾಳೆ ತುಂಬಿ ಎರಡನೆಯದು ಶುರುವಾಗಿದೆ.