ಫ್ಲಾಸ್ಕಿನಲ್ಲಿ ಸರಿಬಂದ ಕ್ರಿಯೆಯನ್ನು ಸಾವಿರ ಪಟ್ಟು ಹೆಚ್ಚಿಸಬಹುದೇ?

ಒಂದು ಲೀಟರ್ ಫ್ಲಾಸ್ಕಿನಲ್ಲಿ ಒಳ್ಳೆಯ ಇಳುವರಿ ಕೊಡುತ್ತಿರುವ ಬಹಿರುಷ್ಣಕ (ಶಾಖ ಹೊರಬಿಡುವ) ಕ್ರಿಯೆಯನ್ನು, ಎಲ್ಲವನ್ನೂ ಸಾವಿರದಿಂದ ಗುಣಿಸಿ, ನೇರವಾಗಿ ದೊಡ್ಡ ರಿಯಾಕ್ಟರ್‌ನಲ್ಲಿ ನಡೆಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ.

ಅದೇ ಆಕಾರದ ಪಾತ್ರೆಯ ಗಾತ್ರ ಸಾವಿರ ಪಟ್ಟಾದಾಗ ಗೋಡೆಯ ವಿಸ್ತೀರ್ಣ ಹೆಚ್ಚುವುದು ನೂರು ಪಟ್ಟು ಮಾತ್ರ. ಪ್ರತಿ ಲೀಟರ್ ದ್ರವಕ್ಕೆ ಶಾಖ ಹೊರಹಾಕಲು ಸಿಗುವ ಗೋಡೆ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಐಸ್ ನೀರಿನ ತಂಪನ್ನೆಲ್ಲ ಬಳಸಿಕೊಂಡು ಅರ್ಧ ಗಂಟೆಯಲ್ಲಿ ಹನಿಸುತ್ತಿದ್ದ ಕಾರಕಕ್ಕೆ (ಕ್ರಿಯೆ ನಡೆಸಲು ಸೇರಿಸುವ ರಾಸಾಯನಿಕಕ್ಕೆ) ದೊಡ್ಡ ಪಾತ್ರೆಯಲ್ಲಿ ಸುಮಾರು ಐದು ಗಂಟೆ ಬೇಕಾದೀತು.

ಹಾಗಾಗಿ ಮೊದಲು ಅದೇ ಫ್ಲಾಸ್ಕಿನಲ್ಲಿ ಐದು ಗಂಟೆ ಹನಿಸಿ ನೋಡಿ. ಉತ್ಪನ್ನ ಅಷ್ಟು ಹೊತ್ತು ತಾಳುತ್ತದೆಯೇ, ಹೊಸ ಕಲ್ಮಶ ಹುಟ್ಟುತ್ತದೆಯೇ ಎಂಬುದು ಅಗ್ಗದಲ್ಲೇ ತಿಳಿಯುತ್ತದೆ. ನಡುವೆ ಹನಿಸುವುದನ್ನು ನಿಲ್ಲಿಸಿ ಥರ್ಮಾಮೀಟರ್ ಗಮನಿಸಿ. ಶಾಖ ಬರುವುದು ಬೇಗನೆ ನಿಂತರೆ ಕಾರಕ ಬಿದ್ದ ಹಾಗೆಯೇ ಖರ್ಚಾಗುತ್ತಿದೆ. ನಿಲ್ಲಿಸಿದ ಮೇಲೂ ಶಾಖ ಬರುತ್ತಲೇ ಇದ್ದರೆ ಕಾರಕ ಖರ್ಚಾಗದೆ ಒಳಗೆ ಕೂಡಿಕೊಳ್ಳುತ್ತಿದೆ, ಹೆದರಬೇಕಾದದ್ದು ಇದಕ್ಕೇ. ತಣ್ಣಗಿಟ್ಟಷ್ಟೂ ಸುರಕ್ಷಿತ ಎಂದು ನಂಬುವವರು ಬಹಳ ಮಂದಿ. ವಾಸ್ತವದಲ್ಲಿ ತೀರಾ ತಣ್ಣಗಾದರೆ ಕ್ರಿಯೆ ಮಂದವಾಗಿ ಕಾರಕ ಇನ್ನಷ್ಟು ಉಳಿಯುತ್ತದೆ, ಆಮೇಲೆ ಅದೆಲ್ಲ ಒಮ್ಮೆಗೇ ವರ್ತಿಸಿಬಿಡಬಹುದು. ಥರ್ಮಾಮೀಟರಿನಲ್ಲಿ ನೀವು ನೋಡಿದ್ದು ಬರಿಯ ಸುಳಿವು. ಲೆಕ್ಕ ಹಾಕಲು, ಕ್ರಿಯೆಯ ಶಾಖವನ್ನು ಅಳೆಯುವ ಉಪಕರಣವಾದ ರಿಯಾಕ್ಷನ್ ಕೆಲೋರಿಮೀಟರ್‌ನ ಅಂಕಿಗಳೇ ಬೇಕು. ಅದಕ್ಕೆ ಹಣವಿಲ್ಲ ಎನ್ನುವ ಆಡಳಿತದವರ ಜೊತೆ ನಾನಂತೂ ಜಗಳವಾಡುತ್ತೇನೆ.

2007ರ ಡಿಸೆಂಬರ್‌ನಲ್ಲಿ ಅಮೆರಿಕದ ಜಾಕ್ಸನ್‌ವಿಲ್‌ನಲ್ಲಿ ರಾಸಾಯನಿಕ ಕಂಪನಿ ಟಿ2 ಲ್ಯಾಬೊರೇಟರೀಸ್‌ನ ರಿಯಾಕ್ಟರ್ ಸಿಡಿದು ನಾಲ್ವರು ಸತ್ತರು. ತಂಪು ವ್ಯವಸ್ಥೆ ಕೈಕೊಟ್ಟರೆ ಬದಲಿ ಇರಲಿಲ್ಲ. ತಾಪಮಾನ ಏರಿದಾಗ, ಕ್ರಿಯೆಗೆ ಹಾಕಿದ್ದ ಸೋಡಿಯಂ ದ್ರಾವಕದೊಂದಿಗೇ ವರ್ತಿಸತೊಡಗಿತು. ಅದು ಅವರ 175ನೆಯ ಬ್ಯಾಚ್. ಮೊದಲ ಬ್ಯಾಚ್ ಗೆದ್ದಿತೆಂದು ನಿರಾಳವಾಗುವವರಿಗೆ ಈ ಸಂಖ್ಯೆ ನೆನಪಿರಲಿ.

ಉಳಿದ ತೊಡಕುಗಳು ಚಿಕ್ಕವು, ಆದರೆ ಕಾಡುತ್ತವೆ. ದ್ರಾವಕವನ್ನು ಪೂರ್ತಿ ಆವಿ ಮಾಡಿ ಒಣಗಿಸುವ ಹಂತವಿದ್ದರೆ ಈಗಲೇ ಬದಲಿಸಿ. ರಿಯಾಕ್ಟರ್‌ನಲ್ಲಿ ದ್ರವ ಕಲಕುವ ರೆಕ್ಕೆಗಿಂತ ಕೆಳಗಿಳಿದರೆ ಕಲಕುವುದೇ ನಿಲ್ಲುತ್ತದೆ, ತಳಕ್ಕೆ ಅಂಟಿದ್ದನ್ನು ಕೆರೆದು ತೆಗೆಯುವವರಾರು? ಹರಳು ಸಣ್ಣದಾದರೆ ಶೋಧನೆ ನಿಮಿಷಗಳಿಂದ ಗಂಟೆಗಳಿಗೆ ಹೋಗುತ್ತದೆ.

ಅಂಕಿಗಳು ಕೈಗೆ ಬಂದ ಮೇಲೆ ಇಪ್ಪತ್ತು ಲೀಟರ್‌ನ ಜಾಕೆಟ್ (ತಂಪು ದ್ರವ ಹರಿಯುವ ಹೊರಪದರ) ಇರುವ ಪಾತ್ರೆಯಲ್ಲಿ ಬ್ಯಾಚ್ ಮಾಡಿ. ಇಳುವರಿಯ ಜೊತೆಗೆ ಜಾಕೆಟ್‌ಗೆ ಹೋಗುವ, ಅಲ್ಲಿಂದ ಬರುವ ದ್ರವದ ತಾಪಮಾನವನ್ನೂ ಉದ್ದಕ್ಕೂ ಬರೆದಿಡಿ. ಆ ದಾಖಲೆಯಿಲ್ಲದೆ ಮುಂದಿನ ಗಾತ್ರದ ಮಾತೇ ಬೇಡ.