ಓದುಗರ ಪ್ರಶ್ನೆ: ಬಂದೂಕು ಹಿಡಿದವನ ಮನೆಯ ಬೀಸುಕಲ್ಲು

ಪ್ರಶ್ನೆ: ನಕ್ಸಲ್ ಚಳವಳಿ ಸೇರಿದ ಹುಡುಗನೊಬ್ಬನ ಬಗ್ಗೆ ಕಿರುಚಿತ್ರ ಮಾಡುತ್ತಿದ್ದೇವೆ. ಒಬ್ಬ ಗೆಳೆಯ ‘ಅವನನ್ನ ಹೀರೋ ಮಾಡ್ತಿದ್ದೀಯ’ ಅಂತಾನೆ, ಇನ್ನೊಬ್ಬ ‘ಚಳವಳಿಗೆ ಮಸಿ ಬಳೀತಿದ್ದೀಯ’ ಅಂತಾನೆ. ಏನು ಮಾಡಲಿ?
– ಕಾಲೇಜು ವಿದ್ಯಾರ್ಥಿ, ಮುಧೋಳ

ಇಬ್ಬರೂ ಸ್ಕ್ರಿಪ್ಟ್ ಪೂರ್ತಿ ಓದಿದ್ದಾರಾ? ಮೊದಲು ಅದನ್ನು ಕೇಳಿ. ಆಮೇಲೆ ನಿಮ್ಮ ತಾಲ್ಲೂಕಿನದೇ ಹಲಗಲಿ ಬೇಡರ ಲಾವಣಿಯನ್ನು ಇನ್ನೊಮ್ಮೆ ಓದಿ. ಹತ್ತನೇ ಕ್ಲಾಸಿನಲ್ಲಿ ಮಾರ್ಕ್ಸಿಗೋಸ್ಕರ ಓದಿದ್ದು ಲೆಕ್ಕಕ್ಕಿಲ್ಲ. 1857ರಲ್ಲಿ ಆಯುಧ ಒಪ್ಪಿಸಿ ಅಂತ ಬ್ರಿಟಿಷರ ಹುಕುಂ ಬಂತು, ಬೇಡರು ಕೊಡಲಿಲ್ಲ, ದಂಡು ಬಂದು ಊರು ಸುಟ್ಟಿತು. ಲಾವಣಿಕಾರ ಹನುಮ, ಬಾಲ, ಜಡಗ, ರಾಮ ಅಂತ ಹೆಸರು ಹಿಡಿದು ಹಾಡುತ್ತಾನೆ, ಅವನು ಯಾರ ಕಡೆ ಅನ್ನೋದರಲ್ಲಿ ಅನುಮಾನವೇ ಇಲ್ಲ. ಆದರೆ ಊರು ಲೂಟಿಯಾದಾಗ ಏನೇನು ಹೋಯಿತು ಅಂತ ಪಟ್ಟಿ ಕೊಡುತ್ತಾನೆ ನೋಡಿ: ಉಪ್ಪು, ಎಣ್ಣೆ, ಜೀರಿಗೆ, ಬೆಲ್ಲ, ಗಂಗಾಳ, ಮಂಗಳಸೂತ್ರ, ಕೊನೆಗೆ ಬೀಸುಕಲ್ಲು. ನಿಮ್ಮ ಹುಡುಗನ ಮನೆಯಲ್ಲಿ ಏನಿದೆ? ಅವನು ಹೋದಮೇಲೆ ಅವ್ವ ಯಾರ ಹೊಲಕ್ಕೆ ಕೂಲಿಗೆ ಹೋಗುತ್ತಾಳೆ? ಅದನ್ನು ತೋರಿಸಿ, ಭಾಷಣ ಅರ್ಧಕ್ಕರ್ಧ ಕತ್ತರಿಸಿ.

ಪ್ರಶ್ನೆ: ಚಳವಳಿಯವರದೇ ದುಡ್ಡಿನಲ್ಲಿ ಸಿನಿಮಾ ಮಾಡಿದರೆ ಅದು ಬರೀ ಪ್ರಚಾರ ಅಲ್ವಾ?
– ಓದುಗ, ವಿಜಯಪುರ

ಜಾಸ್ತಿ ಸಲ ಹೌದು. ಆದರೆ 1966ರ ‘ಬ್ಯಾಟಲ್ ಆಫ್ ಅಲ್ಜಿಯರ್ಸ್’ ನೋಡಿದ್ದೀರಾ? ಫ್ರೆಂಚರ ವಿರುದ್ಧ ಅಲ್ಜೀರಿಯಾದ ಅಲ್ಜಿಯರ್ಸ್ ನಗರದಲ್ಲಿ ಹೋರಾಟ ನಡೆಸಿದ ಸಾದಿ ಯಾಸೆಫ್ ಅದರ ನಿರ್ಮಾಪಕರಲ್ಲಿ ಒಬ್ಬ, ಅದರಲ್ಲಿ ನಟಿಸಿದ್ದಾನೆ ಕೂಡ. ಹಾಗಿದ್ದೂ, ಹೋರಾಟದ ಹೆಣ್ಣುಮಗಳು ಕೆಫೆಯಲ್ಲಿ ಬಾಂಬ್ ಇಟ್ಟಮೇಲೆ ನಿರ್ದೇಶಕ ಪಾಂಟೆಕೊರ್ವೊ ಕ್ಯಾಮೆರಾ ಎತ್ತ ತಿರುಗಿಸುತ್ತಾನೆ? ಅಲ್ಲೇ ಐಸ್‌ಕ್ರೀಂ ತಿನ್ನುತ್ತಿರುವ ಪುಟ್ಟ ಮಗುವಿನ ಕಡೆ. ಪ್ರಚಾರ ಮಾತ್ರ ಬೇಕಿದ್ದವನು ಆ ಶಾಟ್ ಇಡುತ್ತಿರಲಿಲ್ಲ.

ಪ್ರಶ್ನೆ: ಪಕ್ಷದ ಒಳಗಿರದವರಿಗೆ ಚಳವಳಿ ಬಗ್ಗೆ ಮಾತಾಡೋ ಹಕ್ಕು ಎಲ್ಲಿಂದ ಬಂತು?
– ನಾಟಕ ತಂಡದ ಗೆಳತಿ, ಬೆಳಗಾವಿ

ಬಂಗಾಳಿ ಸಿನಿಮಾ ನಿರ್ದೇಶಕ ಮೃಣಾಲ್ ಸೇನ್ ಎಡಪಂಥೀಯರೇ, ಆದರೆ ಕಮ್ಯುನಿಸ್ಟ್ ಪಕ್ಷದ ಸದಸ್ಯತ್ವ ತೆಗೆದುಕೊಂಡವರಲ್ಲ. 1973ರಲ್ಲಿ ‘ಪದಾತಿಕ್’ ಸಿನಿಮಾ ಮಾಡಿದರು, ಅದೂ ಕಲ್ಕತ್ತದಲ್ಲಿ ನಕ್ಸಲ್ ಹುಡುಗರ ರಕ್ತ ಇನ್ನೂ ಆರದಿದ್ದಾಗ. ಪೊಲೀಸರಿಂದ ತಪ್ಪಿಸಿಕೊಂಡ ಕಾರ್ಯಕರ್ತನೊಬ್ಬ ಅನುಕೂಲಸ್ಥ ಹೆಂಗಸಿನ ಫ್ಲ್ಯಾಟಿನಲ್ಲಿ ಅಡಗಿ ಕೂರುತ್ತಾನೆ. ಮಾಡಲು ಕೆಲಸವಿಲ್ಲ, ಹೊರಗೆ ಹೋಗುವಂತಿಲ್ಲ. ಸುಮ್ನೆ ಕೂತು ಕೂತು ತನ್ನ ನಾಯಕರನ್ನೇ ಪ್ರಶ್ನೆ ಮಾಡಲು ಶುರು ಮಾಡುತ್ತಾನೆ. ಚಳವಳಿ ಬಿಡುವುದಿಲ್ಲ, ಪ್ರಶ್ನೆಯನ್ನೂ ಬಿಡುವುದಿಲ್ಲ. ನಿಮ್ಮ ತಂಡದಲ್ಲಿ ಅಂಥ ಪಾತ್ರ ಬರೆಯಲು ಬಿಡುತ್ತಾರಾ?